ತಲೆಯೊಳಗಿನ ಕೆರೆ

“ಬೆನ್ನಾಗಿಂದ ನೀರು ತಗದ್ರ ಕಾಲು ಬೀಳ್ತಾವಂತ್ರಿ,” ಎಂದು ಕಾಂಚನಾ ಮಗಳ ಮೇಲೆ ಕೈ ಅಡ್ಡ ಹಿಡಿದಳು.

ಗದಗಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆರು ವರ್ಷದ ದುರ್ಗಾ ಅರೆಗಣ್ಣು ತೆರೆದು ಮಲಗಿದ್ದಳು. ಸುಡುವ ಜ್ವರದಲ್ಲಿ ಸೊರಟೂರಿನಿಂದ ಕರೆತರುವಾಗ ಬಸ್ಸಿನಲ್ಲೇ ಫಿಟ್ಸ್ ಬಂದಿತ್ತು. ಈಗ ಹೆಸರು ಹಿಡಿದು ಕರೆದರೂ ಖಬರಿರಲಿಲ್ಲ.

“ಮಿದುಳಿಗೆ ಸೋಂಕು ತಗಲೈತಿ, ತಂಗಿ,” ಎಂದರು ಡಾಕ್ಟರ್ ತಬಸ್ಸುಮ. “ಔಷಧ ಆಗಲೇ ಸುರು ಮಾಡೀನಿ. ಆದ್ರ ಒಳಗ ಹೊಕ್ಕಿದ್ದು ಯಾವುದು ಅಂತ ಆ ನೀರೇ ಹೇಳಬೇಕು. ನನ್ನ ಮಗಳಾಗಿದ್ರೂ ತಗೀತಿದ್ದೆ.”

ಕಾಂಚನಾ ಡಾಕ್ಟರ ಮುಖವನ್ನೇ ನೋಡಿ, ಕೈ ಹಿಂದೆ ತೆಗೆದುಕೊಂಡಳು. “ನಾ ಇಲ್ಲೇ ನಿಂದ್ರತೀನ್ರಿ.”

ದುರ್ಗಾಳನ್ನು ಮಗ್ಗುಲಾಗಿಸಿ, ಬಸಿರಲ್ಲಿದ್ದ ಕೂಸಿನ ಹಾಗೆ ಮಡಚಿ ನರ್ಸ್ ಹಿಡಿದುಕೊಂಡಳು. ಡಾಕ್ಟರು ಬೆನ್ನಿಗೆ ಚುಚ್ಚಿದ ಸೂಜಿಯ ಹೊರತುದಿಯಿಂದ ಹನಿಗಳು ಟ್ಯೂಬಿಗೆ ಇಳಿಯತೊಡಗಿದವು. ಒಂದೊಂದೇ, ಅವಸರವಿಲ್ಲದೆ. ಡಾಕ್ಟರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು.

“ಇದು ತಿಳಿ ಇರಬೇಕಿತ್ತು. ಬೆನ್ನಿಂದ ತಲೀತನಕ ಇದೇ ನೀರು, ಇದ್ರಾಗ ಮಿದುಳು ತೇಲತೈತಿ.”

“ತೇಲತೈತಿ?”

ತಾನು ದಿನಾ ಎಣ್ಣೆ ಹಚ್ಚಿ ಬಾಚುತ್ತಿದ್ದ ಆ ಪುಟ್ಟ ತಲೆಯೊಳಗೆ ಒಂದು ಕೆರೆ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಗಳ ಹಟ, ನಗು, ಶಾಲೆಯ ಹಾಡು ಎಲ್ಲ ಆ ನೀರಿನಲ್ಲೇ ತೇಲುತ್ತಿದ್ದವೇ?

ಔಷಧ ನಾಟಿತು. ಫಿಟ್ಸ್ ನಿಂತಿತು. ಕೆಲವು ದಿನ ಬಿಟ್ಟು ಮತ್ತೆ ತೆಗೆದಾಗ ನೀರು ಎಷ್ಟೋ ತಿಳಿಯಾಗಿತ್ತು. ಆದರೆ ಜ್ವರ ಬಿಡಲಿಲ್ಲ, ದುರ್ಗಾ ಏಳಲೂ ಇಲ್ಲ.

ತಬಸ್ಸುಮ ಅವಳ ಮೈಯನ್ನೆಲ್ಲ ಮೊದಲಿನಿಂದ ಹುಡುಕಲು ಕೂತರು. ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ. ಕಾಂಚನಾ ಜಡೆ ಬಿಚ್ಚಿದಳು. ಹೆಕ್ಕತ್ತಿನ ಕೂದಲಡಿ ಬೀಡಿ ತಾಗಿ ಸುಟ್ಟಂಥ ಕರಿ ಹಕ್ಕಳೆ ಕಂಡಿತು.

“ಹುಲ್ಲಾಗ ಆಡಿದ್ಲೇನು?”

“ಬಾಳೆಹೊಸೂರಾಗ, ನಮ್ಮವ್ವನ ಹೊಲದ ಬದುವಿನಾಗ. ಅಲ್ಲೇ ಉಳ್ಳಾಡತಿದ್ಲ್ರಿ.”

“ಕಣ್ಣಿಗೆ ಕಾಣದಂಥಾ ಹುಳ ಕಡದೈತಿ. ಅದರ ಜ್ವರಾನೂ ಮಿದುಳಿಗೆ ಏರತೈತಿ. ರೋಗ ಒಂದಲ್ಲ ತಂಗಿ, ಎರಡು. ಒಂದರ ಹಿಂದ ಇನ್ನೊಂದು ಅಡಗಿ ಕುಂತಿತ್ತು.” ರಕ್ತ ಪರೀಕ್ಷೆಗೆ ಕಳಿಸಿ, ರಿಪೋರ್ಟಿಗೆ ಕಾಯದೆ ಅವರು ಹೊಸ ಔಷಧ ಹಾಕಿಸಿದರು.

ಮರುದಿನ ದುರ್ಗಾಳ ಹಣೆ ಬೆವರಿತು. ಅದರ ಮಾರನೆಯ ಬೆಳಿಗ್ಗೆ ಡಾಕ್ಟರು ನಾಡಿ ನೋಡುತ್ತಿದ್ದಾಗ ಅವಳ ಬಾಯಿ ನಿಧಾನವಾಗಿ ತೆರೆಯಿತು. ಮತ್ತೆ ಫಿಟ್ಸೇ ಎಂದು ಕಾಂಚನಾ ಮಂಚದ ಸರಳು ಹಿಡಿದಳು. ಬಾಯಿ ಇನ್ನೂ ಅಗಲವಾಯಿತು. ಮೂಗು ನೆರಿಗೆಗಟ್ಟಿತು.

ಆಕಳಿಕೆ!

ನೋಡನೋಡುತ್ತ ತಬಸ್ಸುಮ ಅವರಿಗೂ ತಡೆಯಲಾಗದೆ ಆಕಳಿಕೆ ಬಂತು. ಹಿಂದೆಯೇ ಕಾಂಚನಾಳಿಗೂ. ಬಾಯಿ ತೆರೆದು ನಿಂತ ಅವರಿಬ್ಬರನ್ನೂ ದುರ್ಗಾ ಕಣ್ಣರಳಿಸಿ, ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.