ಮೋತಿ ನಿಲ್ಲುವ ಜಾಗಗಳು

ಹೊನ್ನಯ್ಯ ಕೈಯಲ್ಲಿ ಚೀಲ ಹಿಡಿದು ಹೊಂಗೆಮರದ ಕೆಳಗೆ ನಿಂತಿದ್ದ. ಅದೇ ತಪ್ಪಾಯಿತು. ಮೋತಿ ನೇರವಾಗಿ ಅವನ ಎದುರಿಗೇ ಬಂದು, ನಾಲ್ಕು ಕಾಲನ್ನೂ ನೆಟ್ಟ ಹಾಗೆ ನಿಂತುಬಿಟ್ಟಿತು. ಬೆನ್ನ ಮೇಲಿದ್ದ ಚಿಕ್ಕಬೀರಯ್ಯ ಹಿಮ್ಮಡಿಯಲ್ಲಿ ತಿವಿದ, ನಾಲಗೆಯಲ್ಲಿ ಲೊಚಗುಟ್ಟಿದ, ಕೊನೆಗೆ ಸುಮ್ಮನಾದ.

"ಆ ಚೀಲವ ಹಿಂದುಕ್ಕೆ ಮಡೀಕಳ್ಲಾ," ಅಂದ.

"ನನ್ನ ಚೀಲ ಏನ್ಲಾ ಮಾಡ್ತು ನಿನ್ನ ಕುದ್ರೆಗೆ?"

"ನೀನು ಹತ್ತೀಯ ಅಂತ ಕಾಯ್ತಾವ್ಳೆ."

ಮೋತಿ ಹನ್ನೊಂದು ವರ್ಷ ರಾಮನಗರದಲ್ಲಿ ತಾಜ್ ಪಾಷಾನ ಜಟಕಾ ಎಳೆದ ಹೆಣ್ಣು ಕುದುರೆ. ರಸ್ತೆ ಪಕ್ಕದಲ್ಲಿ ಯಾರಾದರೂ ಗಂಟುಮೂಟೆ ಹಿಡಿದು ನಿಂತಿದ್ದರೆ ನಿಲ್ಲಬೇಕು, ಅವರು ಹತ್ತಬೇಕು, ಇಲ್ಲವೇ ಬೇಡವೆಂದು ನಡೆದುಹೋಗಬೇಕು, ಆಮೇಲೆ ಹೊರಡಬೇಕು. ಅದಕ್ಕೆ ಗೊತ್ತಿದ್ದ ಲೋಕಧರ್ಮ ಇಷ್ಟೇ. ಜಟಕಾ ಹೋಯಿತು, ಧರ್ಮ ಉಳಿಯಿತು. ಹೀಗಾಗಿ ಕೈಲಾಂಚದ ಆಸುಪಾಸಿನಲ್ಲಿ ಬಸ್ಸಿಗೆ ಕಾಯುವವರ ಮುಂದೆಲ್ಲ ಚಿಕ್ಕಬೀರಯ್ಯ ನಿಂತು ಹೋಗಬೇಕಾಗುತ್ತಿತ್ತು. ನಿಂತ ಮೇಲೆ ಮಾತಾಡದೆ ಇರುವುದಾದರೂ ಹೇಗೆ?

ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು. ಹೊನ್ನಯ್ಯನೂ ಕೇಳಿದ. "ಎಲ್ಗೆ ಹೊಂಟೆ?"

"ತ್ವಾಟದ ತಾವ್ಕೆ."

"ನಿನ್ನ ತ್ವಾಟ ಮನೆ ಹಿಂದ್ಲೇ ಐತಲ್ಲ."

ಚಿಕ್ಕಬೀರಯ್ಯ ಕುದುರೆಯ ಕತ್ತು ಸವರಿದ. ಹೊನ್ನಯ್ಯ ನಗುತ್ತ ಹತ್ತು ಹೆಜ್ಜೆ ಆಚೆ ನಡೆದ. ಸವಾರಿ ತಪ್ಪಿತೆಂದು ಖಾತ್ರಿಯಾದ ಮೇಲೆ ಮೋತಿಯೂ ಹೊರಟಿತು.

ರೇಷ್ಮೆ ಕೈಹಿಡಿದ ಕಾಲ ಅದು. ಊರಿನಲ್ಲಿ ಹೆಂಚು ಹೋಗಿ ತಾರಸಿ ಬರುತ್ತಿತ್ತು. ಗೂಡು ಮಾರಿದವರು ಮೊಪೆಡ್ಡು ತಂದರು, ಟೇಪ್ ರೆಕಾರ್ಡರ್ ತಂದರು, ಒಬ್ಬನಂತೂ ಮೋಟಾರ್ ಸೈಕಲ್ಲನ್ನೇ ತಂದ. ಚಿಕ್ಕಬೀರಯ್ಯ ಮಾರ್ಕೆಟ್ಟಿಗೆ ಹೋದವನು ಕುದುರೆ ಹಿಡಿದುಕೊಂಡು ಬಂದ. ತಾಜ್ ಪಾಷಾ ಆಟೋಗೆ ಬುಕ್ ಮಾಡಿದ್ದ, ಕುದುರೆ ಕಟ್ಟುವ ಜಾಗ ಆಟೋಗೆ ಬೇಕಾಗಿತ್ತು. ಮೋತಿಯ ಕೊರಳಿನ ಹಿತ್ತಾಳೆ ಗೆಜ್ಜೆಪಟ್ಟಿಯನ್ನೂ ಕೈಗೆ ಕೊಟ್ಟು, "ಬೇಡ ಅಂದ್ರೆ ನಂಗೇ ವಾಪಸ್ ಕೊಡಿ ಗೌಡ್ರೇ, ಬೇರೆ ಯಾರ್ಗೂ ಕೊಡ್ಬೇಡಿ," ಎಂದಿದ್ದ. ಹೇಳುವಾಗ ಅವನು ಮೋತಿಯ ಮುಖ ನೋಡಿರಲಿಲ್ಲ.

ಐವತ್ತರ ಹತ್ತಿರದ ಮನುಷ್ಯನಿಗೆ ಇದೇನು ಶೋಕಿ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ. ಚಿಕ್ಕಬೀರಯ್ಯ ಹುಟ್ಟಿದ್ದು ಕುರಿ ಮನೆಯಲ್ಲಿ. ಇಪ್ಪತ್ತು ವರ್ಷ ಅಪ್ಪನ ಕುರಿಗಳ ಹಿಂದೆ ಕಂಬಳಿ ಹೊದ್ದು ಅಲೆದವನು. ಮುಂದೆ ಕುರಿ ಇದ್ದರೆ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ, ಕುರಿ ಎಲ್ಲಿಗೋ ಅಲ್ಲಿಗೆ. ಬಾವಿ ತೋಡಿ ಹಿಪ್ಪುನೇರಳೆ ಹಾಕಿದ ಮೇಲೆ ಕುರಿ ಮಾರಿದರು. ಅಲ್ಲಿಂದಾಚೆಗೆ ವರ್ಷಕ್ಕೆ ಐದು ಬೆಳೆ. ಸೊಪ್ಪು ಕೊಯ್ಯಿ, ಹುಳಕ್ಕೆ ಹಾಕು, ಕಸ ತೆಗೆ, ಮತ್ತೆ ಸೊಪ್ಪು ಕೊಯ್ಯಿ. ಕೈತುಂಬ ಕೆಲಸ, ಹೊಟ್ಟೆತುಂಬ ಅನ್ನ. ಕಾಲಿಗೆ ಮಾತ್ರ ದಾರಿ ಇರಲಿಲ್ಲ.

ಈಗ ಬೆಳಗಿನ ಜಾವದ ಸೊಪ್ಪು ಹಾಕಿ, ಮೋತಿಯ ಬೆನ್ನಿಗೆ ಕಂಬಳಿ ಮಡಿಸಿ ಹಾಕಿ, ಜಟಕಾದ ಹಳೇ ಪಟ್ಟಿಯಿಂದ ಬಿಗಿದು ಹೊರಟರೆ ಅವನಿಗೆ ಹೊಸ ಜನ್ಮ. ಬೇಲಿಯ ಮೇಲಿಂದ ರಾಗಿ ಹೊಲ ಕಾಣುತ್ತಿತ್ತು. ಇಬ್ಬನಿ ಹಿಡಿದ ತೆನೆಗಳ ಆಚೆ ಬಂಡೆಬೆಟ್ಟ ಒಂದೊಂದೇ ಮೈ ತೋರಿಸುತ್ತಿತ್ತು. ಕೆರೆಯ ಏರಿಯ ಮೇಲೆ ಮಣ್ಣು ಮೆತ್ತಗೆ, ಅಲ್ಲಿ ಗೊರಸಿನ ಸದ್ದೇ ಬೇರೆ. ಹನ್ನೊಂದು ವರ್ಷ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮುಂದಿನ ರಸ್ತೆಯನ್ನಷ್ಟೇ ನೋಡಿದ್ದ ಕುದುರೆ ಅದು. ಪಟ್ಟಿ ತೆಗೆದ ಹೊಸದರಲ್ಲಿ ಪಕ್ಕದಲ್ಲಿ ಕಾಣುವ ಮೇಕೆಗೂ ಬೆಚ್ಚುತ್ತಿತ್ತು. ಬರಬರುತ್ತ ಕತ್ತು ಹೊರಳಿಸಿ ಎರಡೂ ಕಡೆ ನೋಡಿಕೊಂಡು ನಡೆಯುವುದನ್ನು ಕಲಿಯಿತು. ಎಡಕ್ಕೆ ತಿರುಗಬೇಕೆಂದರೆ ಕತ್ತಿನ ಬಲಕ್ಕೆ ಅಂಗೈ ಒತ್ತಿದರೆ ಸಾಕು, ಬಲಕ್ಕಾದರೆ ಎಡಕ್ಕೆ. ಒಂದೊಂದು ದಿನ ಅವನು ಎಲ್ಲೂ ಒತ್ತುತ್ತಿರಲಿಲ್ಲ. ಅವತ್ತು ಬಲು ಖುಷಿ.

ಖುಷಿಯಿಲ್ಲದವಳು ಅವನ ಹೆಂಡತಿ ಮುನಿತಾಯಮ್ಮ. ರೇಷ್ಮೆಹುಳ ಸಾಕುವ ಹುಳುಮನೆ ಅವಳದು. ಗಂಡನ ಹೆಸರಿನಲ್ಲಿ ಪಹಣಿ ಇರಬಹುದು, ಹುಳುಮನೆಯ ಹೊಸ್ತಿಲು ದಾಟಬೇಕಾದರೆ ಅವಳ ಅಪ್ಪಣೆ ಬೇಕು. ಬೀಡಿ ವಾಸನೆ ಬರಬಾರದು, ಒಗ್ಗರಣೆ ಘಾಟು ಬರಬಾರದು, ಮುಟ್ಟಾದವರು, ಮುಡಿಗೆ ಮಲ್ಲಿಗೆ ಮುಡಿದವರು ಆಚೆಗೇ ಇರಬೇಕು. ಈ ಪಟ್ಟಿಗೆ ಈಗ ಕುದುರೆಯ ಬೆವರು ಸೇರಿತು. ಗೆಜ್ಜೆಯ ಸದ್ದಿಗೆ ಹುಳ ಬೆದರುತ್ತದೆಂದು ಬಂದ ದಿನವೇ ಗೆಜ್ಜೆಪಟ್ಟಿ ಬಿಚ್ಚಿ ಅಟ್ಟಕ್ಕೆ ಎಸೆದಿದ್ದಳು. ಸವಾರಿ ಮುಗಿಸಿ ಬಂದವನು ತಲೆಗೆ ನೀರು ಹಾಕಿಕೊಂಡು, ಬೇರೆ ಪಂಚೆ ಉಟ್ಟು ಒಳಗೆ ಬರಬೇಕು. ದಿನಾ ತಲೆಗೆ ನೀರು ಬಿದ್ದು ಅವನಿಗೆ ಕಾರ್ತೀಕದಲ್ಲಿ ಶೀತ ಹಿಡಿಯಿತು. ಅವಳಿಗೆ ಕರುಣೆ ಹುಟ್ಟಲಿಲ್ಲ.

"ಕುರಿ ಹಿಂದ್ಲೂ ಹಿಂಗೇ ಹೋಯ್ತಿದ್ರಿ. ಅದಕ್ಕಾದ್ರೂ ಉಣ್ಣೆ ಇತ್ತು, ಗೊಬ್ಬರ ಇತ್ತು. ಇವಳಿಂದ ಏನೈತೆ?" ಎಂದಳು ಒಂದು ದಿನ.

"ಗೊಬ್ಬರ ಇವಳೂ ಹಾಕ್ತಾಳಲ್ಲಮ್ಮಿ," ಎಂದ ಚಿಕ್ಕಬೀರಯ್ಯ. ಅವಳು ನಗಲಿಲ್ಲ.

ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದ ಬೆಳಗ್ಗೆ ಆ ಘಟನೆ ನಡೆಯಿತು. ಜ್ವರವೆಂದರೆ ಹುಳ ಪೊರೆ ಕಳಚುವ ನಿದ್ದೆ. ಎದ್ದ ಹುಳದ ಹಸಿವು ರಾಕ್ಷಸ ಹಸಿವು. ಅವತ್ತು ಕೋಳಿ ಕೂಗುವ ಹೊತ್ತಿಗೆ ತುಂತುರು ಬಿದ್ದಿತ್ತು. ಮಳೆಯ ಸೊಪ್ಪನ್ನು ಕೊಯ್ದು, ಒದರಿ, ಜಗಲಿಯ ಮೇಲೆ ಹರವಿ, ನೀರು ಆರಿದ ಮೇಲೆ ಹಾಕಬೇಕೆಂಬುದು ಊರಿನ ಮಕ್ಕಳಿಗೂ ಗೊತ್ತು. ಚಿಕ್ಕಬೀರಯ್ಯ ಒಂದು ಗಳಿಗೆಯಲ್ಲಿ ಬತ್ತೀನಿ ಎಂದು ಹೋದವನು ಏರಿ ದಾಟಿ ಬೆಟ್ಟದ ಹಿಂದಕ್ಕೆ ಹೋಗಿಬಿಟ್ಟ. ಬರುವಾಗ ಸಂತೆಗೆ ಹೊರಟವರು ದಾರಿಯುದ್ದಕ್ಕೂ ಗಂಟು ಹಿಡಿದು ನಿಂತಿದ್ದರು. ಅವನು ಮನೆ ಮುಟ್ಟಿದಾಗ ಬಿಸಿಲು ಹೆಂಚಿಗೇರಿತ್ತು. ಮುನಿತಾಯಮ್ಮ ಮಾತಿಲ್ಲದೆ ಹುಳುಮನೆಯ ಕಸ ಗುಡಿಸುತ್ತಿದ್ದಳು.

ನಾಲ್ಕು ದಿನಕ್ಕೆ ಕಿಟಕಿ ಪಕ್ಕದ ತಟ್ಟೆಗಳಲ್ಲಿ ಹುಳ ಮೇವು ಬಿಟ್ಟಿತು. ಮೈ ಮೆತ್ತಗಾಗಿ, ಕಪ್ಪು ತಿರುಗಿ, ನಾತ ಹೊಡೆಯಿತು. ಸಪ್ಪೆ ರೋಗ. ಅರ್ಧ ಬೆಳೆಯನ್ನು ಗುಂಡಿಗೆ ಸುರಿದು ಮೇಲೆ ಸುಣ್ಣ ಎರಚಿದರು. ಗುಂಡಿ ಮುಚ್ಚಿ ಹಾರೆಯನ್ನು ಗೋಡೆಗೆ ಒರಗಿಸಿದ ಮೇಲೆ ಮುನಿತಾಯಮ್ಮ ಹೇಳಿದಳು, "ಇವಳ ಗಾಳಿ ತಗುಲಿ ಹಿಂಗಾಯ್ತು. ಹುಳ ಇರಬೇಕು, ಇಲ್ಲ ಇವಳಿರಬೇಕು."

ಚಿಕ್ಕಬೀರಯ್ಯ ಗುಂಡಿಯನ್ನೇ ನೋಡುತ್ತ ನಿಂತಿದ್ದ. "ಆಗ್ಲಿ. ಪಾಷಾಗೇ ಕೊಟ್ಬುಟ್ಟು ಬತ್ತೀನಿ," ಎಂದ. ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದವಳಿಗೆ ಅಷ್ಟು ಸಲೀಸಾಗಿ ಗೆದ್ದದ್ದು ಒಂದು ಥರ ಆಯಿತು.

ಪಾಷಾನ ಮನೆಯಲ್ಲಿ ಕುದುರೆಗೆ ಜಾಗವಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಮರಳುಗಾಡಿಯವರಿಗೆ ಕೊಡುತ್ತಾನೆ, ವಿಧಿಯಿಲ್ಲ. ಅರ್ಕಾವತಿಯಿಂದ ಮರಳು ಎಳೆಯುವ ಕುದುರೆಗಳ ಪಕ್ಕೆಲುಬನ್ನು ಯಾರು ಬೇಕಾದರೂ ಎಣಿಸಬಹುದು. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವನು ಮೋತಿಯ ಮೈ ತಿಕ್ಕಿ, ನೆನೆಸಿದ ಹುರುಳಿ ತಿನ್ನಿಸುವಷ್ಟರಲ್ಲಿ ಮುನಿತಾಯಮ್ಮ ಚೀಲ ಹಿಡಿದು ಬಸ್ಸಿಗೆಂದು ಹೊರಟಾಗಿತ್ತು. ಗಂಡನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಈ ಮನುಷ್ಯ ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಎಲ್ಲಾದರೂ ಕಟ್ಟಿ ಬಂದರೆ? ತಾನೂ ಪಾಷಾನ ಮನೆಯ ಮುಂದೆಯೇ ಇರುತ್ತೇನೆ, ಗೆಜ್ಜೆಪಟ್ಟಿಯನ್ನು ಕೈಯಾರೆ ಒಪ್ಪಿಸಿ ಬರುತ್ತೇನೆ ಎಂದುಕೊಂಡಿದ್ದಳು. ಅದು ಅವಳ ಚೀಲದಲ್ಲಿತ್ತು.

ಹೊಂಗೆಮರದ ಕೆಳಗೆ ಅವಳೊಬ್ಬಳೇ ನಿಂತಿದ್ದಳು. ಗೂಡಿನ ಮಾರ್ಕೆಟ್ಟಿನ ಬಸ್ಸು ಬಂತು. ಮೇಲೆ ಗೂಡಿನ ಮೂಟೆ, ಬಾಗಿಲಲ್ಲಿ ಜೋತುಬಿದ್ದ ಜನ. ನಿಲ್ಲಿಸದೆ ಧೂಳೆಬ್ಬಿಸಿ ಹೋಯಿತು. ಧೂಳು ಅಡಗಿದಾಗ ಎದುರಿಗೆ ಮೋತಿ ನಿಂತಿತ್ತು.

"ನಡೀರಿ, ನಾನು ಮುಂದ್ಲ ಬಸ್ಸಿಗೆ ಬತ್ತೀನಿ," ಎಂದಳು.

"ನಾನು ನಡೀತೀನಿ. ಇವಳು ನಡೀಬೇಕಲ್ಲ," ಎಂದ ಚಿಕ್ಕಬೀರಯ್ಯ. ತಿವಿದ, ಲೊಚಗುಟ್ಟಿದ, ಇಳಿದು ಹಗ್ಗ ಹಿಡಿದು ಎಳೆದ. ಮೋತಿ ಚೀಲವನ್ನು ನೋಡಿತು, ಚೀಲದವಳನ್ನು ನೋಡಿತು, ಕಾಯುತ್ತ ನಿಂತಿತು. ಮುನಿತಾಯಮ್ಮ ಮರದ ಆ ಮಗ್ಗುಲಿಗೆ ಹೋದಳು. ಮೋತಿ ಕತ್ತು ಚಾಚಿ ಆ ಮಗ್ಗುಲನ್ನು ಇಣುಕಿತು. ಮನೆ ಕಡೆಗೆ ನಡೆದುಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಹಿಂದಕ್ಕೆ ಹೆಜ್ಜೆ ಇಡುವ ಪೈಕಿಯಲ್ಲ.

"ಅಯ್ಯೋ ಇವಳ ಹಟವೇ," ಎಂದು ಕೊನೆಗೆ ಮೈಲಿಗಲ್ಲಿನ ಮೇಲೆ ಕಾಲಿಟ್ಟು, ಗಂಡನ ಹೆಗಲು ಹಿಡಿದು, ಒಂದು ಪಕ್ಕಕ್ಕೆ ಕುಳಿತಳು. ಕುಳಿತದ್ದೇ ಮೋತಿ ಹೊರಟಿತು. ಚಿಕ್ಕಬೀರಯ್ಯ ಹಗ್ಗ ಹಿಡಿದು ಪಕ್ಕದಲ್ಲಿ ನಡೆದ.

ಮೊದಲ ಫರ್ಲಾಂಗು ಅವಳು ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು. ಆಮೇಲೆ ಒಂದು ಕೈ ಬಿಟ್ಟಳು. ಬೇಲಿ ಕೆಳಗಿಳಿದಿತ್ತು. ಅದರಾಚೆ ಹೊನ್ನಯ್ಯನ ತೋಟ, ಅದರಾಚೆ ತಮ್ಮದೇ ತೋಟ, ಹಸಿರು ಸಾಲು ಸಾಲಾಗಿ ಬಾವಿಯವರೆಗೆ ಇಳಿದು ಹೋಗಿತ್ತು. ಹದಿನಾಲ್ಕು ವರ್ಷ ಆ ಗಿಡಗಳ ನಡುವೆ ಬಗ್ಗಿ ಸೊಪ್ಪು ಕೊಯ್ದವಳಿಗೆ ಅದು ಇಷ್ಟು ಅಗಲ ಇದೆಯೆಂದು ಗೊತ್ತಿರಲಿಲ್ಲ.

"ಅದು ನಮ್ದೇ ಅಲ್ವಾ?" ಎಂದಳು.

"ನಮ್ದೇಯ."

ಕೆಳಗಿನಿಂದ ಬಿಸಿ ಮೈಯೊಂದು ಉಸಿರಾಡುತ್ತಿತ್ತು, ಅವಳ ಕಾಲಿಗೆ ಅದು ತಿಳಿಯುತ್ತಿತ್ತು. ಬೆವರಿನ ವಾಸನೆಯೂ ಬರುತ್ತಿತ್ತು. ಕೆಟ್ಟ ವಾಸನೆಯೇನಲ್ಲ, ನೆನೆದ ಹುರುಳಿಯ ವಾಸನೆ.

"ಅವತ್ತು ಒದ್ದೆ ಸೊಪ್ಪು ಹಾಕ್ದೋಳು ನಾನೇ," ಎಂದಳು ಮುನಿತಾಯಮ್ಮ. ಅವನ ಕಡೆ ನೋಡಲಿಲ್ಲ. "ಹುಳ ತಲೆ ಎತ್ಕೊಂಡು ನೋಡ್ತಿದ್ವು. ನೀವು ಬರ್ಲಿಲ್ಲ. ನಾನೇ ಕುಯ್ಕೊಂಡ್ಬಂದು, ಆರೋಗಂಟ ತಡೀನಾರ್ದೆ ಕಿಟ್ಕಿ ಪಕ್ಕದ ತಟ್ಟೆಗೆಲ್ಲ ಹಾಕ್ಬುಟ್ಟೆ. ಇವಳ ಗಾಳಿ ಅಲ್ಲ, ಏನೂ ಅಲ್ಲ."

"ಗೊತ್ತಿತ್ತು," ಎಂದ ಚಿಕ್ಕಬೀರಯ್ಯ.

"ಏನ್ ಗೊತ್ತಿತ್ತು?"

"ಸೊಪ್ಪಿನ ಮಂಕರಿ ತಳ ಒದ್ದೆಯಾಗಿತ್ತು. ಕಿಟ್ಕಿ ಪಕ್ಕದ್ದೇ ಹೋದ್ವಲ್ಲ."

ಮುನಿತಾಯಮ್ಮನಿಗೆ ಮೈಯೆಲ್ಲ ಉರಿದ ಹಾಗಾಯಿತು. ಸಿಟ್ಟೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ. "ಗೊತ್ತಿದ್ದೂ ಯಾಕೆ ಆಗ್ಲಿ ಅಂದ್ರಿ? ಅಂಗಳದಲ್ಲೇ ನಿಂತು ಬೈಬೌದಿತ್ತಲ್ಲ."

ಅವನು ಹಗ್ಗವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ನಾನು ಮನೇಲಿದ್ದಿದ್ರೆ ನೀನು ಯಾಕೆ ಒದ್ದೆ ಸೊಪ್ಪು ಹಾಕ್ತಿದ್ದೆ? ಸುಖವ ನಾನು ಪಟ್ಟೆ, ತಪ್ಪು ನಿನ್ನ ತಲೆಗೆ ಬಂತು. ಕುದ್ರೆ ಹೋದ್ರೆ ಲೆಕ್ಕ ಸರಿಹೋಯ್ತದೆ ಅನ್ಕೊಂಡೆ."

ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ಮೋತಿ ನಿಂತಿತು.

ದಾರಿ ಕವಲೊಡೆಯುವ ಜಾಗ ಅದು. ಎಡಕ್ಕೆ ಟಾರು ರಸ್ತೆ ರಾಮನಗರಕ್ಕೆ, ಬಲಕ್ಕೆ ಮಣ್ಣಿನ ಹಾದಿ ಕೆರೆಯ ಏರಿಗೆ. ಕವಲಿನಲ್ಲಿ ಮೇಲುಕೇರಿಯ ಕೆಂಚಮ್ಮ ಹುಲ್ಲಿನ ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಕುದುರೆಯ ಮೇಲೆ ಕುಳಿತವಳನ್ನು ಕಂಡು ಅವಳ ಬಾಯಿ ತೆರೆದುಕೊಂಡಿತು.

"ಇದೇನಮ್ಮಿ ಮುನಿತಾಯಿ, ಮದ್ಲಿಂಗಿತ್ತಿ ಹಂಗೆ ಕುಂತಿದ್ದೀಯ. ಎಲ್ಗೆ ಹೊಂಟೆ?"

ರಾಮನಗರಕ್ಕೆ ಎಂಬ ಮಾತು ಮುನಿತಾಯಮ್ಮನ ನಾಲಗೆಯ ತುದಿಗೆ ಬಂದಿತ್ತು. ಅವಳು ಎಡದ ರಸ್ತೆ ನೋಡಿದಳು. ದೂರದಲ್ಲಿ ಇನ್ನೊಂದು ಬಸ್ಸು ಗೂಡಿನ ಮೂಟೆ ಹೊತ್ತು ಹೋಗುತ್ತಿತ್ತು. ಗಂಡನ ತಲೆ ನೋಡಿದಳು. ಮೇಲಿನಿಂದ ನೋಡಿದರೆ ನೆತ್ತಿಯಲ್ಲಿ ಕೂದಲು ಉದುರಿ ಅಂಗೈಯಗಲ ಬೋಳಾಗಿತ್ತು. ಇದನ್ನೂ ಅವಳು ಕಂಡಿರಲಿಲ್ಲ.

"ಎಲ್ಗೂ ಇಲ್ಲ ಕಣಕ್ಕ," ಎಂದಳು. "ಸುಮ್ಕೆ."

"ಸುಮ್ಕೆ ಅಂದ್ರೆ?"

"ಸುಮ್ಕೆ ಅಂದ್ರೆ ಸುಮ್ಕೆ. ನೀನು ಒಸಿ ಹೊರೆ ಎತ್ಕೊಂಡು ಆಕಡೀಕೆ ನಡಿ. ನೀನಿಲ್ಲಿ ನಿಂತಿದ್ರೆ ಇವಳು ಕದಲಾಕಿಲ್ಲ."

ಚಿಕ್ಕಬೀರಯ್ಯ ಕೆಂಚಮ್ಮನ ತಲೆಗೆ ಹೊರೆ ಎತ್ತಿಕೊಟ್ಟ. ಅವಳು ತಿರುತಿರುಗಿ ನೋಡುತ್ತ ಊರ ಕಡೆ ಹೋದಳು. ಮೋತಿ ಅವಳು ಹೋದ ದಾರಿಯನ್ನೇ ಒಂದು ಗಳಿಗೆ ನೋಡಿತು. ಚಿಕ್ಕಬೀರಯ್ಯ ಹಗ್ಗವನ್ನು ಸಡಿಲ ಬಿಟ್ಟುಕೊಂಡು ನಿಂತಿದ್ದ, ಎತ್ತಲೂ ಎಳೆಯಲಿಲ್ಲ, ಮೇಲಕ್ಕೂ ನೋಡಲಿಲ್ಲ. ಮುನಿತಾಯಮ್ಮ ಮುಂದಕ್ಕೆ ಬಾಗಿ, ಅವನು ಮಾಡುವುದನ್ನು ಅಂಗಳದಿಂದ ಎಷ್ಟೋ ಸಲ ನೋಡಿದ್ದಂತೆ, ಕುದುರೆಯ ಕತ್ತಿನ ಎಡಕ್ಕೆ ಅಂಗೈ ಇಟ್ಟು ಒತ್ತಿದಳು.

ಏರಿಯ ಮಣ್ಣು ಮೆತ್ತಗಿತ್ತು, ಗೊರಸಿನ ಸದ್ದು ಅಡಗಿಹೋಯಿತು. ಅವಳ ತೊಡೆಯ ಮೇಲಿನ ಚೀಲದೊಳಗೆ ಗೆಜ್ಜೆಪಟ್ಟಿ ಹೆಜ್ಜೆ ಹೆಜ್ಜೆಗೂ ಸಣ್ಣಗೆ ಅಲುಗುತ್ತಿತ್ತು.