ಕೊನೆಯ ಸಾಲಿನವರೆಗೆ

"ಬ, ತ, ಕ, ಯ, ಹ," ಎಂದು ಕೊನೆಯ ಸಾಲನ್ನೂ ಒಪ್ಪಿಸಿ ಬಾಯಿ ಮುಚ್ಚಿದ ಮೇಲೆಯೇ ಜಯಂತನಿಗೆ ತಾನು ಮಾಡಿಕೊಂಡ ಅನಾಹುತ ಹೊಳೆದದ್ದು. ಕಣ್ಣು ಪರೀಕ್ಷಿಸುವ ಸಹಾಯಕ ಚೀಟಿಯ ಮೇಲೆ ಏನೋ ಗೀಚಿ, "ಇಷ್ಟು ಚಲೋ ಕಣ್ಣು ಇಟ್ಕೊಂಡು ಇಲ್ಲಿಗ್ಯಾಕ ಬಂದೀರಿ?" ಎಂದ. ಬಾಗಿಲ ಹೊರಗೆ ಬೆಂಚಿನ ಮೇಲಿದ್ದವರು ನಕ್ಕರು. ಪಾಸಾದವನು ಫೇಲಾಗುವ ಪರೀಕ್ಷೆ ಎಂದರೆ ಇದೊಂದೇ ಇರಬೇಕು. ಜಯಂತ ಅದರಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದ.

ಅಸಲಿಗೆ ಅವನಿಗೆ ಗೋಡೆಯ ಮೇಲಿನ ಅಕ್ಷರ ಹೋಗಲಿ, ಗೋಡೆ ಎಲ್ಲಿ ಮುಗಿದು ಬಾಗಿಲು ಎಲ್ಲಿ ಶುರುವಾಗುತ್ತದೆಂಬುದೂ ನೆಟ್ಟಗೆ ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ. ನರಗುಂದದ ಅವರ ಓಣಿಯಲ್ಲಿ ಮಾತ್ರ ಇದು ಗೊತ್ತಾಗಲು ತಾಯಿ ವಸುಧಾಬಾಯಿ ಬಿಟ್ಟಿರಲಿಲ್ಲ. ಮಂದಿ ಬಾಯಿಗೆ ಒಮ್ಮೆ ಬಿದ್ದರೆ ಕುರುಡ ಎಂಬುದೇ ಮಗನ ಹೆಸರಾಗಿಬಿಡುತ್ತದೆಂಬ ಹೆದರಿಕೆ ಆಕೆಗೆ. ಹೀಗಾಗಿ ಮಗ ಕಿವಿಯಿಂದ ನೋಡುವುದನ್ನು ಕಲಿತ. ಶಾಲೆಯಲ್ಲಿ ಪಕ್ಕದ ಹುಡುಗ ಹಲಗೆಯ ಮೇಲಿನದನ್ನು ಗುನುಗಿದರೆ ಸಾಕು, ಇವನು ಎದ್ದು ನಿಂತು ಅದನ್ನೇ ಗಟ್ಟಿಯಾಗಿ ಓದುತ್ತಿದ್ದ. ಕೇಳಿ ಕೇಳಿ ಊರಿನವರ ದನಿಗಳೆಲ್ಲ ನಾಲಿಗೆಗೆ ಹತ್ತಿಕೊಂಡವು. ಹೆಡ್ ಮಾಸ್ತರರಿಂದ ಹಿಡಿದು ಹಾಲಿನ ಡೇರಿಯ ಕಾರ್ಯದರ್ಶಿಯ ತನಕ ಯಾರ ಹಾಗೆ ಬೇಕಾದರೂ ಮಾತಾಡಿ ತೋರಿಸುತ್ತಿದ್ದ. ನಗುವ ಮಂದಿಗೆ ಅವನ ಕಣ್ಣಿನ ಕಡೆ ಲಕ್ಷ್ಯವಿರುತ್ತಿರಲಿಲ್ಲ.

ಗೆಳೆಯ ಯೂಸುಫ ಒಬ್ಬನಿಗೆ ಎಲ್ಲ ಗೊತ್ತಿತ್ತು. ತಾಲೂಕು ಕಚೇರಿಗಳಲ್ಲಿ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗಳಿವೆ, ಮಂದದೃಷ್ಟಿಯವರಿಗೆ ಮೀಸಲೂ ಇದೆ ಎಂದು ಮೊಬೈಲು ನೋಡಿ ಓದಿ ಹೇಳಿದವನು ಅವನೇ. ನೂರಕ್ಕೆ ನಲವತ್ತರಷ್ಟಾದರೂ ದೋಷವಿದೆಯೆಂಬ ಪ್ರಮಾಣಪತ್ರ ಬೇಕು. ಅರ್ಜಿಗೆ ಶುಕ್ರವಾರ ಕಡೆಯ ದಿನ. ರೋಣದ ಇವತ್ತಿನ ಶಿಬಿರ ತಪ್ಪಿದರೆ ಮುಂದಿನದು ಬರುವ ತಿಂಗಳು. ಬೇಡವೇ ಬೇಡ ಎನ್ನುತ್ತಿದ್ದ ವಸುಧಾಬಾಯಿ, ಶಿಬಿರ ನರಗುಂದದಲ್ಲಲ್ಲ, ರೋಣದಲ್ಲಿ ಎಂದು ತಿಳಿದ ಮೇಲೆ ಒಪ್ಪಿದ್ದಳು.

ಸರದಿಗಾಗಿ ಕೂತಿದ್ದಾಗ ಒಳಗಿನ ದನಿಗಳು ಸ್ಪಷ್ಟವಾಗಿ ಕೇಳುತ್ತಿದ್ದವು. ವೆಲ್ಡಿಂಗ್ ಕಿಡಿ ಸಿಡಿದು ಒಂದು ಕಣ್ಣು ಕಳೆದುಕೊಂಡ ಬೆಳವಣಕಿಯ ಮದರಸಾಬ ಇನ್ನೊಂದು ಕಣ್ಣಿನಿಂದ ಇಡೀ ಚಾರ್ಟನ್ನು, ಅಕ್ಷರಕ್ಕೊಂದು "ಹಾಂ" ಸೇರಿಸಿ ಓದಿದ್ದರು. ಅವರ ಹಾಗೆಯೇ ಒಂದೇ ಕಣ್ಣಿನ, ಸೂಡಿಯ ರೂಪಾ ಮಗ್ಗಿ ಹೇಳುವವಳಂತೆ ರಾಗ ಎಳೆದು ಓದಿದ್ದಳು. ಆಮೇಲೆ ಜಯಂತನ ಸರದಿ. "ಓದ್ರಿ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಷ್ಟು ವರ್ಷಗಳ ರೂಢಿ ತಾನಾಗಿ ಬಾಯಿ ತೆರೆದಿತ್ತು.

ಡಾಕ್ಟರಮ್ಮ ಮೈಸೂರು ಕಡೆಯವರು. ಜಯಂತ ಅವರ ಮೇಜಿನ ಹತ್ತಿರ ಹೋಗಿ ತನಗೆ ಏನೂ ಕಾಣುವುದಿಲ್ಲವೆಂದ. ಅವರು ಚೀಟಿಯಿಂದ ತಲೆಯೆತ್ತದೆ, "ಈಗ ತಾನೇ ಕೊನೇ ಸಾಲಿನ ತನಕ ಓದಿದ್ರಲ್ರೀ. ಪ್ರತಿ ತಿಂಗಳೂ ಬರ್ತಾರೆ, ಕೆಲಸದ ಆಸೆಗೆ ಕಣ್ಣು ಕಳ್ಕೊಳ್ಳೋರು," ಎಂದರು. ಆದರೂ ನೋಡೋಣವೆಂದು ಚಾರ್ಟನ್ನು ತಿರುಗಿಸಿ ಹಿಂಬದಿ ಓದಿಸಲು ಹೇಳಿದರು. ಅಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. ಅದನ್ನು ಯಾರೂ ಓದಿರಲಿಲ್ಲ. ಜಯಂತ ಸುಮ್ಮನೆ ನಿಂತ.

"ನೋಡ್ರಿ, ಈಗ ನಾಟಕ ಶುರುವಾಯ್ತು," ಎಂದ ಸಹಾಯಕ.

ಡಾಕ್ಟರಮ್ಮ ಮುಂದಿನವರನ್ನು ಕರೆಯಲು ಹೇಳಿದರು. ಸಹಾಯಕ ಚಾರ್ಟನ್ನು ಮತ್ತೆ ಕನ್ನಡದ ಬದಿಗೆ ತಿರುಗಿಸಿದ. ಜಯಂತ ಕದಲಲಿಲ್ಲ. ಚಾರ್ಟಿಗೆ ಬೆನ್ನು ಮಾಡಿ ಕಿಟಕಿಯ ಬೆಳಕಿನತ್ತ ತಿರುಗಿ ನಿಂತ.

"ನೀವು ಚಾರ್ಟ್ ನೋಡ್ರಿ ಮೇಡಮ್. ನಾ ಈ ಕಡೆ ನೋಡ್ತೀನಿ."

ಮೊದಲು ಗಂಟಲು ಸರಿಮಾಡಿಕೊಂಡದ್ದೂ ಮದರಸಾಬರಂತೆಯೇ. "ಲ, ಹಾಂ. ಗ, ಹಾಂ. ಪ, ಹಾಂ." ಹೊರಗಿನ ಬೆಂಚಿನಿಂದ ಅಸಲಿ ಮದರಸಾಬರು, "ಯಾರಪಾ ಅಂವಾ, ನನ್ನ ಬಾಯಿಲೆ ಮಾತಾಡಾಂವ?" ಎಂದು ಕೇಳಿದರು. ಎರಡನೆಯ ಸುತ್ತು ರೂಪಾಳ ರಾಗದಲ್ಲಿ ಹೊರಟು ಕೊನೆಯ ಸಾಲು ಮುಟ್ಟಿತು. ಕಡೆಗೆ ಸಹಾಯಕನ ಮೂಗಿನ ದನಿಯಲ್ಲಿ, "ಸಾಕು ತಂಗಿ, ಹೊರಗ ಕುಂದರು," ಎಂದು ಅವಳಿಗೆ ಹೇಳಿದ್ದೂ ಬಂತು. ಸಹಾಯಕನೇ ನಕ್ಕುಬಿಟ್ಟ. ಡಾಕ್ಟರಮ್ಮನೂ ನಗತೊಡಗಿ, ನಡುವೆಯೇ ನಿಲ್ಲಿಸಿದರು.

"ಕಾಣಲ್ಲ ಅನ್ನೋಕೇ ಬಂದು, ಓದಿದ್ದು ಯಾಕೆ ಮತ್ತೆ?"

"ಓದು ಅಂದ್ರ ಓದಿಬಿಡ್ತೀನ್ರಿ. ಸಣ್ಣಾಂವ ಇದ್ದಾಗಿಂದ ಹಂಗ ಆಗೇದ."

ಆಕೆ ಎದ್ದು ಅವನನ್ನು ಕತ್ತಲೆ ಕೋಣೆಗೆ ಕರೆದೊಯ್ದರು. ಔಷಧದ ಹನಿ ಹಾಕಿ, ಸಣ್ಣ ದೀಪ ಹಿಡಿದು, ಒಂದೊಂದೇ ಕಣ್ಣಿನ ಒಳಗೆ ಬಹಳ ಹೊತ್ತು ನೋಡಿದರು. ಅದಕ್ಕೆ ಮೊದಲು ಬೆರಳು ಎತ್ತಿ ತೋರಿಸಿ ಎಷ್ಟೆಂದು ಕೇಳಿದ್ದರು. ಮುಖದ ಹತ್ತಿರವಿದ್ದಾಗ ಅವನು ಹೇಳಿದ್ದ. ಅವರು ಹಿಂದೆ ಸರಿಯುತ್ತ ಮತ್ತೆ ಮತ್ತೆ ಕೇಳಿದ್ದರು. ಪ್ರತಿ ಸಲವೂ ಏನಾದರೊಂದು ಸಂಖ್ಯೆ ನಾಲಿಗೆಯ ತುದಿಗೆ ಬರುತ್ತಿತ್ತು. ಜಯಂತ ಅದನ್ನು ನುಂಗಿಕೊಂಡು, ಕಾಣುವುದಿಲ್ಲ ಎನ್ನುತ್ತಿದ್ದ. ಹೊರಗೆ ಬಂದ ಮೇಲೆ ಡಾಕ್ಟರಮ್ಮ ಹಳೆಯ ಚೀಟಿ ಹರಿದು ಹೊಸದು ಬರೆದು, ನೂರಕ್ಕೆ ಎಷ್ಟೆಂದು ಅವನಿಗೆ ಓದಿ ಹೇಳಿದರು. ಪ್ರಮಾಣಪತ್ರ ಗುರುವಾರದೊಳಗೆ ಮೊಬೈಲಿಗೆ ಬರುತ್ತದೆಂದರು.

ರಸ್ತೆಗೆ ಇಳಿಯುವಷ್ಟರಲ್ಲಿ ತಾಯಿಯ ಫೋನು ಬಂತು. ನಲವತ್ತು ಬಂತೇ ಎಂದು ಕೇಳಿದಳು.

"ಎಪ್ಪತ್ತು ಬಂತವಾ."

ಆಕೆ ಮೆಲ್ಲಗೆ, "ನಮ್ಮೂರವರು ಯಾರರೆ ಇದ್ರೇನು ಅಲ್ಲೆ?" ಎಂದಳು.

"ಇದ್ರೂ ಇರಲಿ ಬಿಡು," ಎಂದ.

ಹನಿ ಹಾಕಿದ ಕಣ್ಣಿಗೆ ರೋಣದ ಬಸ್ ನಿಲ್ದಾಣ ಬರೀ ಬಿಳಿ ಬೆಳಕಾಗಿತ್ತು. ಗೊರಗುಡುತ್ತ ಒಂದು ಬಸ್ಸು ಬಂದು ನಿಂತಿತು. ಪಕ್ಕದ ಕಲ್ಲುಬೆಂಚಿನ ಮೇಲೆ ಯಾರೋ ಶೇಂಗಾ ಸುಲಿಯುತ್ತಿದ್ದರು. ಅದು ಯಾವೂರ ಗಾಡಿಯೆಂದು ಜಯಂತ ಆ ಸಪ್ಪಳದ ಕಡೆ ತಿರುಗಿ ಕೇಳಿದ.

"ಬೋರ್ಡ್ ಅಷ್ಟು ದೊಡ್ಡದು ಐತಲ್ಲೋ ತಮ್ಮಾ. ಕಾಣಂಗಿಲ್ಲೇನು?"

"ಕಾಣಂಗಿಲ್ಲರಿ ಕಾಕಾ."

ಶೇಂಗಾ ಸುಲಿಯುವ ಸದ್ದು ನಿಂತಿತು. "ಗಜೇಂದ್ರಗಡದ ಗಾಡಿ ಅದು. ನಿನಗೆಲ್ಲಿಗೆ?"

ಜಯಂತ ನರಗುಂದಕ್ಕೆ ಎಂದ. ಅದು ಬರಲು ಇನ್ನೂ ಹೊತ್ತಿದೆಯೆಂದು ಮುದುಕ ಹೇಳಿದ. ಆಮೇಲೆ ಪಕ್ಕಕ್ಕೆ ಸರಿದು, ಖಾಲಿಯಾದ ಜಾಗದ ಕಲ್ಲನ್ನು ಅವನಿಗೆ ಕೇಳುವ ಹಾಗೆ ಅಂಗೈಯಿಂದ ಬಡಿದ.