ಸೊಪ್ಪು ಮುಟ್ಟದ ಹುಳ, ಬೆಳಗದ ಗೆಡ್ಡೆ

ಪರಿಗಿ ಹತ್ತಿರದ ಹಳ್ಳಿಯಲ್ಲಿ ಗಂಗುಲಮ್ಮನ ಕೆಮ್ಮು ಎಲ್ಲರಿಗೂ ಗೊತ್ತು. ಉಸಿರೆಳೆದರೆ ಎದೆಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಕೇಳುತ್ತಿತ್ತು. ರೇಷ್ಮೆ ಹುಳದ ಮನೆಯ ಸುಣ್ಣದ ಪುಡಿಯಿಂದ ಬಂದ ಅಸ್ತಮಾ ಎಂದು ಎರಡು ವರ್ಷ ಔಷಧಿ ಸೇದಿದ್ದಾಯಿತು. ಆಮೇಲೆ ಕಫದಲ್ಲಿ ರಕ್ತ ಬಂತು. ಹಿಂದೂಪುರದಲ್ಲಿ ತೆಗೆಸಿದ ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸನಾಳದ ಕವಲಲ್ಲಿ ಸಣ್ಣ ಗೆಡ್ಡೆ ಕಂಡಿತು. ಅಲ್ಲಿಂದ ಬೆಂಗಳೂರಿಗೆ, ಪೆಟ್ ಸ್ಕ್ಯಾನಿಗೆ ಹೋಗಿ ಬಂದರು. ಅದು 2008ನೇ ಇಸವಿ.

ಸುದ್ದಿ ತಿಳಿದು ಕಲ್ಯಾಣದುರ್ಗದಿಂದ ಶಿರೀಷಾ ಬಂದಳು. ಅವಳು ಗಂಗುಲಮ್ಮನ ತಂಗಿಯ ಮಗಳು, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಗಂಗುಲಮ್ಮನ ಗಂಡ ಪೋತಪ್ಪ ಬಾಗಿಲಲ್ಲೇ ಅವಳ ಕೈಗೆ ಬೆಲ್ಲದ ಚೂರಿಟ್ಟ.

"ತಿನ್ನು ಕಣಮ್ಮ. ನಿಮ್ಮ ದೊಡ್ಡಮ್ಮಂಗೆ ಏಮೀ ಲೇದು, ಏನೂ ಇಲ್ಲ! ಕಾಯಿಲೆ ಇದ್ರೆ ಆ ಸ್ಕ್ಯಾನಲ್ಲಿ ದೀಪದಂಗೆ ಬೆಳಗ್ತದಂತೆ. ಇವಳ ಗೆಡ್ಡೆ ಬೆಳಗಲೇ ಇಲ್ಲ."

"ಡಾಕ್ಟ್ರು ಏನಂದ್ರು ದೊಡ್ಡಪ್ಪ?"

"ಗಂಟ್ಲೊಳಕ್ಕೆ ಕೊಳವೆ ಬಿಟ್ಟು ಚೂರು ತೆಗೆದು ನೋಡ್ಬೇಕಂತೆ. ಇಲ್ಲದ ಕಾಯಿಲೇನ ಯಾಕೆ ಕೆದಕೋದು? ಬಂದ್ಬುಟ್ವಿ."

ಗಂಗುಲಮ್ಮ ಕಂಬಕ್ಕೆ ಒರಗಿ ಎಲ್ಲೋ ನೋಡುತ್ತಿದ್ದಳು. "ಸೂಜಿ ಹಾಕಿ ಮಬ್ಬುಗತ್ತಲ ಕೋಣೇಲಿ ಮಲಗಿಸಿದ್ರು ಕಣೆ. ಮಾತಾಡ್ಬೇಡಿ, ಅಲ್ಲಾಡ್ಬೇಡಿ ಅಂದ್ರು. ಆಮೇಲೆ ಬಿಳೀ ಗೂಡಿನಂಥದ್ರೊಳಕ್ಕೆ ಹೋದೆ. ನಾನೇ ಹುಳ ಆಗ್ಬುಟ್ನೇನೋ ಅನ್ನಿಸ್ತು. ಹೊರಗೆ ಬಂದ ಮೇಲೆ ರೆಕ್ಕೆ ಬಂದವಾ ಅಂತ ತೋಳು ಮುಟ್ಟಿ ನೋಡ್ಕೊಂಡೆ."

"ಬಂದಿದ್ರೆ ಬಸ್ಸಿಗೆ ಕಾಯೋದು ತಪ್ತಿತ್ತು," ಎಂದು ಪೋತಪ್ಪ ನಕ್ಕ.

ಶಿರೀಷಾ ನಗಲಿಲ್ಲ. ಬೆಲ್ಲ ಇನ್ನೂ ಅವಳ ಕೈಯಲ್ಲೇ ಇತ್ತು.

"ದೊಡ್ಡಪ್ಪ, ಆ ಸೂಜೀಲಿ ಇದ್ದಿದ್ದು ಸಕ್ಕರೆಯಂಥ ಔಷಧಿ. ಜೋರಾಗಿ ಬೆಳೆಯೋ ಗೆಡ್ಡೆ ಅದನ್ನ ಗಬಗಬ ತಿಂತದೆ, ಅದಕ್ಕೇ ಬೆಳಗ್ತದೆ. ಕಾರ್ಸಿನಾಯ್ಡ್ ಅಂತ ಒಂದು ಗೆಡ್ಡೆ ಐತೆ. ಅದೂ ಕ್ಯಾನ್ಸರ್ ಜಾತೀದೇ, ಆದ್ರೆ ನಿಧಾನದ್ದು, ಸಕ್ಕರೆ ಕಮ್ಮಿ ತಿಂತದೆ. ಬೆಳಗದೇನೂ ಇರಬಹುದು."

"ಹಂಗಾದ್ರೆ ಅಷ್ಟು ದೂರ ಹೋಗಿ ಆ ಸ್ಕ್ಯಾನ್ ಯಾಕೆ?"

"ಬೇರೆ ಕಡೆ ಹರಡೈತಾ ನೋಡೋಕೆ ಸಹಾಯ ಆಗ್ತದೆ. ಬೆಳಗಿದ್ರೆ ಅದೂ ಒಂದು ಸುಳಿವು. ಆದ್ರೆ ಬೆಳಗಲಿಲ್ಲ ಅಂತ ಕಾಯಿಲೆ ಇಲ್ಲ ಅನ್ನೋಕಾಗಲ್ಲ. ಚೂರು ತೆಗೆದು ನೋಡಿದ್ರೇನೇ ಗೊತ್ತಾಗೋದು."

"ತಿನ್ನದೆ ಬದುಕೋದು ಯಾವುದಮ್ಮ?" ಪೋತಪ್ಪ ತಲೆ ಕೊಡವಿದ. "ತಿನ್ನಲಿಲ್ಲ ಅಂದ್ರೆ ಇಲ್ಲ ಅಂತಲೇ."

ಗಂಗುಲಮ್ಮ ಎದ್ದಳು. "ಬನ್ನಿ ಇಲ್ಲಿ," ಎಂದು ಇಬ್ಬರನ್ನೂ ಹುಳದ ಮನೆಗೆ ಕರೆದೊಯ್ದಳು.

ಒಳಗೆ ತಂಪು, ಮಂದ ಬೆಳಕು. ನಿನ್ನೆಯವರೆಗೆ ಅಲ್ಲಿ ಸೊಪ್ಪು ತಿನ್ನುವ ಸದ್ದು ಸೋನೆಮಳೆಯಂತೆ ಸುರಿಯುತ್ತಿತ್ತು. ಇಂದು ಏನೂ ಇಲ್ಲ. ಪೊರೆ ಬಿಡುವ ಮೊದಲು ಹುಳಗಳು ಮೇವು ಬಿಟ್ಟು, ತಲೆಯೆತ್ತಿ, ಕನಸು ಕಾಣುವಂತೆ ನಿದ್ದೆಗೆ ಕೂತುಬಿಡುತ್ತವೆ; ಎದ್ದ ಮೇಲೆ ಮತ್ತೆ ತಿನ್ನುತ್ತವೆ. ತಟ್ಟೆಗಳ ಮೇಲೆ ಮಿಕ್ಕ ಸೊಪ್ಪು ಹಾಗೇ ಬಾಡುತ್ತಿತ್ತು.

"ತಿಂತಾ ಅವೆಯೇನಪ್ಪ?" ಗಂಗುಲಮ್ಮ ಕೇಳಿದಳು.

"ಇಲ್ಲ."

"ತಿನ್ನಲಿಲ್ಲ ಅಂತ ತಟ್ಟೆ ಎತ್ತಿ ತಿಪ್ಪೆಗೆ ಸುರೀತೀಯಾ?"

"ಬಿಡ್ತು ಅನ್ನು!" ಎಂದ ಪೋತಪ್ಪ. ತಟ್ಟೆಗಳಿಗೆ ಅಡ್ಡವಾಗಿ ನಿಂತ.

ಹುಳಗಳ ಆ ಮೌನದಲ್ಲಿ ಒಂದೇ ಒಂದು ಸದ್ದು ಉಳಿದಿತ್ತು: ಹೆಂಡತಿಯ ಎದೆಯ ಸಿಳ್ಳೆ. ಪೋತಪ್ಪ ಅದನ್ನು ಬಹಳ ಹೊತ್ತು ಕೇಳಿಸಿಕೊಂಡ.

"ಬೆಳಿಗ್ಗೆ ಬಸ್ಸಿಗೆ ಹೋಗಾನ," ಎಂದ ಮೆಲ್ಲಗೆ. "ಹುಳ ಎದ್ದ ಮೇಲೆ ಸೊಪ್ಪು ಹಾಕೋಕೆ ಪಕ್ಕದ ಮನೆ ರಾಮಾಂಜಿನಮ್ಮಂಗೆ ಹೇಳಿ ಬತ್ತೀನಿ."

ಚೂರು ತೆಗೆದು ಪರೀಕ್ಷಿಸಿದಾಗ ಅದು ಕಾರ್ಸಿನಾಯ್ಡ್ ಗೆಡ್ಡೆಯೇ ಎಂದು ತಿಳಿಯಿತು. ಹರಡಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಮುಂದಿನ ಬೆಳೆಯ ಹುಳಗಳು ನಿದ್ದೆಗೆ ಕೂತ ದಿನ ಪೋತಪ್ಪ ಹೆಂಡತಿಯ ಪಕ್ಕ ನಿಂತು ಕಿವಿಗೊಟ್ಟ. ಹುಳದ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಔಷಧಿಗೆ ಬಗ್ಗದ ಕೆಮ್ಮು ಇದೆಯೇ, ಎದೆಯ ಸಿಳ್ಳೆ ಇದೆಯೇ? ಕಫದಲ್ಲಿ ಒಂದೆಳೆ ರಕ್ತ ಕಂಡಿತೇ? ಧೂಳೆಂದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ. ಪೆಟ್ ಸ್ಕ್ಯಾನಿನಲ್ಲಿ ಗೆಡ್ಡೆ ಬೆಳಗಲಿಲ್ಲವೆಂದು ಅರ್ಧ ದಾರಿಯಿಂದ ಮನೆಗೆ ಮರಳಬೇಡಿ. "ಇನ್ನೇನು ಪರೀಕ್ಷೆ ಬೇಕು?" ಎಂದು ಕೇಳಿ, ಅದನ್ನೂ ಮಾಡಿಸಿಕೊಂಡು ಬನ್ನಿ. ಬೆಲ್ಲ ಹಂಚುವುದು ಆಮೇಲೆ ಇದ್ದೇ ಇದೆ.